ಬೆದರಿದ ಮೊಲವನ್ನು ಸಂತೈಸುವ ಬಗೆ

ದೀಪಾವಳಿಯು ಮಕ್ಕಳಿಗೆ ಎಷ್ಟು ಸಂತೋಷದ ಹಬ್ಬವೋ ಮನೆಯಲ್ಲಿ ಸಾಕಿದ ಮೂಕಪ್ರಾಣಿಗಳಿಗೆ ಅಷ್ಟೇ ಸಂಕಟದ ಕಾಲವೆಂಬುದನ್ನು ವಾಚಕರು ಬಲ್ಲರು. ನಾಯಿಯು ಬೊಗಳಿಯಾದರೂ ತನ್ನ ಭಯವನ್ನು ಹೊರಗೆಡಹುವುದು. ಬೆಕ್ಕು ಅಟ್ಟವನ್ನು ಸೇರುವುದು. ಮೊಲವಾದರೋ ಬೆದರಿದಾಗ ಬಹುಮಟ್ಟಿಗೆ ಬಾಯಿಬಿಡದು. ಆದಕಾರಣ ಅದರ ಭಯವು ಮನೆಯವರ ಗಮನಕ್ಕೆ ಬರುವುದೇ ತಡವಾಗಿ. ಬಂದ ಮೇಲೆಯೂ ನಾವು ಮಾಡುವ ಉಪಚಾರವು ಅನೇಕ ವೇಳೆ ಅದಕ್ಕೆ ಅಪಚಾರವಾಗಿಯೇ ಪರಿಣಮಿಸುವುದು. ಈ ತಿಂಗಳು ಆ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುವೆವು.

ಕಳೆದ ವರ್ಷ ನರಕಚತುರ್ದಶಿಯ ಬೆಳಗಿನ ಜಾವ ನಮ್ಮ ನೆರೆಮನೆಯಲ್ಲಿ ನಡೆದ ಸಂಗತಿಯಿದು. ಆ ಮನೆಯ ಎಂಟು ವರ್ಷದ ಹುಡುಗಿಯು ಒಂದು ಬಿಳಿಯ ಮೊಲವನ್ನು ಬಹಳ ಅಕ್ಕರೆಯಿಂದ ಸಾಕಿದ್ದಳು. ಎಣ್ಣೆಸ್ನಾನವು ಮುಗಿಯುವಷ್ಟರಲ್ಲಿ ಬೀದಿಯಲ್ಲಿ ಯಾರೋ ಪಟಾಕಿಯ ಸರವೊಂದನ್ನು ಹಚ್ಚಿದರು. ಪಡಸಾಲೆಯ ಗೂಡಿನಲ್ಲಿದ್ದ ಮೊಲವು ಹಿಂಗಾಲಿನಿಂದ ನೆಲವನ್ನು ಧಪ್ಪೆಂದು ಬಡಿದು, ಕಂಬಿಗಳಿಗೆ ಹಾಯ್ದು, ಕೊನೆಗೆ ಮೂಲೆಯಲ್ಲಿ ಮುದುರಿಕೊಂಡಿತು. ಹುಡುಗಿಯು ಒದ್ದೆಗೂದಲಿನಲ್ಲಿಯೇ ಓಡಿಬಂದು ಅದನ್ನೆತ್ತಿ ಎದೆಗೆ ಅವಚಿಕೊಂಡಳು. ಹೆದರಿದಾಗ ತನ್ನನ್ನು ತಾಯಿಯು ಸಂತೈಸುತ್ತಿದ್ದುದು ಹಾಗೆಯೇ ಅಲ್ಲವೆ? ಆದರೆ ಮೊಲವು ಬಲವಾಗಿ ಒದೆದುಕೊಂಡು, ಅವಳ ತೋಳನ್ನು ಪರಚಿ, ನೆಲಕ್ಕೆ ಬಿದ್ದು, ಮಂಚದ ಕೆಳಗೆ ನುಸುಳಿತು. ಮೊಲಕ್ಕಿಂತ ಹೆಚ್ಚಾಗಿ ಹುಡುಗಿಯೇ ಅತ್ತಳು.

ಪ್ರೀತಿಯಿಂದ ಎತ್ತಿಕೊಂಡವರಿಗೇ ಮೊಲವು ಹೆದರುವುದೇಕೆ? ಮೊಲವು ಪರರಿಗೆ ಆಹಾರವಾಗುವ ಪ್ರಾಣಿ. ಹದ್ದು, ನರಿ, ಕಾಡುಬೆಕ್ಕು ಇವುಗಳ ಹಿಡಿತಕ್ಕೆ ಸಿಕ್ಕಿದಾಗಲೇ ಅದರ ಕಾಲುಗಳು ನೆಲವನ್ನು ಬಿಡುವುದು. ಭಯದ ವೇಳೆಯಲ್ಲಿ ಮೇಲಿನಿಂದ ಬಂದ ಕೈ ಶತ್ರುವಿನದೋ ಒಡತಿಯದೋ ಎಂದು ವಿಚಾರಮಾಡುವ ವ್ಯವಧಾನವು ಅದಕ್ಕಿರದು.

ಇನ್ನೊಂದು ಕಾರಣವೂ ಉಂಟು. ನಮ್ಮ ಹೊಲಗಳಲ್ಲಿ ಕಾಣುವ ಕಾಡುಮೊಲವೂ ಮನೆಯಲ್ಲಿ ಸಾಕುವ ಮೊಲವೂ ಒಂದೇ ಜಾತಿಯವಲ್ಲ. ಕಾಡುಮೊಲವು ಬಿಲವನ್ನು ತೋಡದು. ಹುಲ್ಲಿನ ಮರೆಯಲ್ಲಿ ಮಲಗಿದ್ದು, ಶತ್ರುವು ಸಮೀಪಿಸಿದರೆ ಕಾಲನ್ನೇ ನಂಬಿ ಓಡುವುದು. ಅದನ್ನು ಹಿಡಿದು ಸಾಕುವುದು 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ನಿಷಿದ್ಧವೆಂಬುದನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಸಾಕುಮೊಲದ ಪೂರ್ವಜರು ಸ್ಪೇನ್, ಪೋರ್ಚುಗಲ್ ಸೀಮೆಯವು. ಅವು ನೆಲದಲ್ಲಿ ಬಿಲಗಳನ್ನು ತೋಡಿ ಗುಂಪಾಗಿ ಬಾಳತಕ್ಕವು. ಅಪಾಯವನ್ನು ಕಂಡ ಒಂದು ಮೊಲವು ಹಿಂಗಾಲನ್ನು ನೆಲಕ್ಕೆ ಬಡಿದೊಡನೆ ಉಳಿದವು ಬಿಲವನ್ನು ಹೊಗುವುವು. ನಮ್ಮ ಮನೆಯ ಮೊಲಕ್ಕೆ ಈ ಬುದ್ಧಿಯೆಲ್ಲ ಹಾಗೆಯೇ ಉಳಿದಿದೆ; ಬಿಲವೊಂದು ಮಾತ್ರ ಇಲ್ಲ. ಆದುದರಿಂದ ಬೆದರಿದ ಮೊಲಕ್ಕೆ ನಾವು ಮೊದಲು ಒದಗಿಸತಕ್ಕುದು ಬಿಲವನ್ನು. ಮಡಿಲಿನ ಮಾತು ಆಮೇಲೆ.

ನೆರೆಮನೆಯ ಅಜ್ಜಿಯು ಪುಸ್ತಕಗಳನ್ನು ಓದಿದವರಲ್ಲ. ಆದರೂ ಇದನ್ನು ಹೇಗೋ ಅರಿತಿದ್ದರು. ಮಂಚದ ಕೆಳಗೆ ಕೋಲು ಹಾಕಲು ಹೊರಟ ಹುಡುಗರನ್ನು ತಡೆದರು. ಕಿಟಕಿಬಾಗಿಲುಗಳನ್ನು ಮುಚ್ಚಿಸಿ, ದೀಪವನ್ನು ಆರಿಸಿದರು. ಬಿದಿರಿನ ಬುಟ್ಟಿಯೊಂದನ್ನು ಅಡ್ಡವಾಗಿ ಮಲಗಿಸಿ, ಅದರೊಳಗೆ ಗೂಡಿನಲ್ಲಿದ್ದ ಹಳೆಯ ಹುಲ್ಲನ್ನೇ ಹರಡಿ, ಮಂಚದ ಬಳಿಯಲ್ಲಿಟ್ಟರು. ತಾವು ಗೋಡೆಗೊರಗಿ ನೆಲದಲ್ಲಿ ಕುಳಿತು ಹೂಬತ್ತಿಯನ್ನು ಹೊಸೆಯತೊಡಗಿದರು. ಮೊಲದತ್ತ ತಿರುಗಿಯೂ ನೋಡಲಿಲ್ಲ. ಅರ್ಧಗಂಟೆಯ ಮೇಲೆ ಅದು ತಾನಾಗಿಯೇ ಬುಟ್ಟಿಯನ್ನು ಹೊಕ್ಕಿತು.

ಮಾಡಬೇಕಾದುದು ಬಹುಮಟ್ಟಿಗೆ ಇಷ್ಟೇ. ಸದ್ದನ್ನು ತಗ್ಗಿಸಿ, ನಾಯಿಬೆಕ್ಕುಗಳನ್ನು ದೂರವಿಟ್ಟು, ಮೊಲವು ಅಡಗಿದಲ್ಲಿಯೇ ಅದನ್ನು ಬಿಡತಕ್ಕುದು. ಬುಟ್ಟಿಯ ಬದಲು ಗಟ್ಟಿಯಾದ ರಟ್ಟಿನ ಪೆಟ್ಟಿಗೆಯೂ ಆದೀತು. ಅದಕ್ಕೆ ಎರಡು ಬಾಗಿಲುಗಳನ್ನು ಕೊರೆದರೆ ಸಿಕ್ಕಿಬಿದ್ದೆನೆಂಬ ಅಂಜಿಕೆಯು ಮೊಲಕ್ಕಿರದು. ಗೂಡಿಗೆ ಬಟ್ಟೆಯನ್ನು ಹೊದಿಸುವವರು ಒಂದು ಮಗ್ಗುಲನ್ನಾದರೂ ಗಾಳಿಗೆ ತೆರೆದಿಡಬೇಕು. ಏಕೆಂದರೆ ಮೊಲವು ನಮ್ಮಂತೆ ಬೆವರಿ ತಂಪಾಗಲಾರದು, ಸೆಕೆಯನ್ನು ತಾಳದು. ಜೊತೆಯ ಮೊಲವಿದ್ದರೆ ಅಗಲಿಸಕೂಡದು. ಮಾತನಾಡುವುದಾದರೆ ಪರಿಚಿತವಾದ ಕಂಠದಿಂದ ಮೆಲ್ಲಗೆ ಮಾತನಾಡಬೇಕು. ಅದು ತಾನಾಗಿ ಬಳಿಗೆ ಬಂದಾಗ ಹಣೆಯನ್ನೂ ಕಿವಿಯ ಬುಡವನ್ನೂ ಸವರಬಹುದು. ಮೂಗಿನ ಮುಂದಕ್ಕೆ ಥಟ್ಟನೆ ಕೈಯೊಡ್ಡಲಾಗದು. ಮೊಲದ ಕಣ್ಣುಗಳು ತಲೆಯ ಎರಡು ಮಗ್ಗುಲುಗಳಲ್ಲಿ ಇರುವುದರಿಂದ ಸುತ್ತಲೂ ಕಂಡರೂ ಮೂಗಿನ ತುದಿಯ ಮುಂದಣ ಎಡೆ ಅದಕ್ಕೆ ಕಾಣದು.

ಎತ್ತಲೇಬೇಕಾದ ಸಂದರ್ಭ ಬಂದರೆ ಕಿವಿಯನ್ನೆಂದಿಗೂ ಹಿಡಿಯಬೇಡಿರಿ. ಒಂದು ಕೈಯನ್ನು ಎದೆಯ ಕೆಳಗೂ ಮತ್ತೊಂದನ್ನು ಹಿಂಭಾಗದ ಕೆಳಗೂ ಕೊಟ್ಟು, ಮೈಗೆ ಒತ್ತಿಕೊಂಡು, ನೆಲದ ಸಮೀಪದಲ್ಲಿಯೇ ಹಿಡಿದಿರಬೇಕು. ಬೆಕ್ಕಿನ ಮೈತೂಕದಲ್ಲಿ ಎಲುಬಿನ ಪಾಲು ನೂರಕ್ಕೆ ಸುಮಾರು 13 ಆದರೆ ಮೊಲದಲ್ಲಿ ಸುಮಾರು 8 ಮಾತ್ರ. ಹಿಂಗಾಲಿನ ಸ್ನಾಯುಗಳಾದರೋ ಬಹಳ ಬಲವುಳ್ಳವು. ಆಧಾರವಿಲ್ಲದೆ ಹಿಡಿದ ಮೊಲವು ಒದೆದುಕೊಂಡಾಗ ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳುವುದುಂಟು.

ತಾವು ಹಿಡಿದ ಮೊಲಕ್ಕೆ ಮೂರೇ ಕಾಲೆನ್ನುವವರು ಕೆಲವರಿರುವರು. ಮೊಲವನ್ನು ಅಂಗಾತನಾಗಿ ಮಲಗಿಸಿ ಹೊಟ್ಟೆಯನ್ನು ಸವರಿದರೆ ಅದು ಶಾಂತವಾಗಿ ನಿದ್ರಿಸುವುದೆಂದು ಅವರ ವಾದ. ಅದು ನಿದ್ರೆಯಲ್ಲ. ಶತ್ರುವಿನ ಬಾಯಿಗೆ ಸಿಕ್ಕಿದ ಪ್ರಾಣಿಯು ಸತ್ತಂತೆ ಬೀಳುವ ಭಯದ ಕೊನೆಯ ಅವಸ್ಥೆಯದು ಎಂದು ಪ್ರಾಣಿಶಾಸ್ತ್ರಜ್ಞರು ಕಂಡುಕೊಂಡಿರುವರು. ಆ ಉಪಾಯವನ್ನು ಯಾರೂ ಕೈಕೊಳ್ಳಬಾರದು.

ಮೊಲವು ಬುಟ್ಟಿಯನ್ನು ಸೇರಿದ ಮಾತ್ರಕ್ಕೆ ಗಂಡಾಂತರವು ಕಳೆಯಿತೆಂದು ತಿಳಿಯಕೂಡದು. ನೆರೆಮನೆಯವರು ಮರೆತದ್ದು ಇಲ್ಲಿಯೇ. ಮಧ್ಯಾಹ್ನವಾದರೂ ಅದು ಹುಲ್ಲನ್ನು ಮುಟ್ಟಲಿಲ್ಲ. "ಇನ್ನೂ ಹೆದರಿಕೆಯಿದೆ, ರಾತ್ರಿ ತಿಂದೀತು" ಎಂದು ಎಲ್ಲರೂ ಹಬ್ಬದಡಿಗೆಯಲ್ಲಿ ತೊಡಗಿದರು. ಸಂಜೆಗೆ ಬುಟ್ಟಿಯನ್ನು ನೋಡಿದ ಅಜ್ಜಿಯು ಮಗನನ್ನು ಕರೆದು, "ಬೆಳಗಿನಿಂದ ಒಂದು ಹಿಕ್ಕೆಯೂ ಬಿದ್ದಿಲ್ಲ. ಇದು ಬರಿಯ ಹೆದರಿಕೆಯಲ್ಲ, ಈಗಲೇ ಕೊಂಡೊಯ್ಯಿ" ಎಂದರು. ಹಬ್ಬದ ದಿನ ವೈದ್ಯರು ಸಿಕ್ಕಾರೆಯೆ ಎಂದು ಆತನು ಅನುಮಾನಿಸಿದರೂ ಹೊರಟನು. ಸಿಕ್ಕಿದ ಪಶುವೈದ್ಯರು ಪರೀಕ್ಷಿಸಿ, ಬೆಳಗಿನವರೆಗೆ ಕಾದಿದ್ದರೆ ಉಳಿಸುವುದು ಕಷ್ಟವಾಗುತ್ತಿತ್ತೆಂದು ಹೇಳಿದರಂತೆ.

ಇದರ ಮರ್ಮವಿಷ್ಟು. ನಾರುಳ್ಳ ಹುಲ್ಲನ್ನು ತಿಂದು ಬಾಳುವ ಮೊಲದ ಕರುಳು ಸದಾ ಚಲಿಸುತ್ತಿರಬೇಕು. ಭಯದಿಂದಲೂ ನೋವಿನಿಂದಲೂ ಆ ಚಲನೆಯು ಕುಗ್ಗುವುದು; ಕುಗ್ಗಿದೊಡನೆ ಹಸಿವು ಅಡಗುವುದು; ತಿನ್ನದಿದ್ದರೆ ಕರುಳು ಮತ್ತಷ್ಟು ಜಡವಾಗಿ, ವಾಯು ತುಂಬಿ, ನೋವು ಹೆಚ್ಚುವುದು. ವಾಂತಿ ಮಾಡಿಕೊಳ್ಳುವ ಶಕ್ತಿಯೂ ಮೊಲಕ್ಕಿಲ್ಲ. ಆದಕಾರಣ 12 ಗಂಟೆಗಳ ಕಾಲ ಮೊಲವು ಏನನ್ನೂ ತಿನ್ನದಿದ್ದರೆ, ಇಲ್ಲವೆ ಹಿಕ್ಕೆ ಹಾಕದಿದ್ದರೆ, ಹಬ್ಬವಾಗಲಿ ಅಮಾವಾಸ್ಯೆಯಾಗಲಿ ಪಶುವೈದ್ಯರಲ್ಲಿಗೆ ಒಯ್ಯತಕ್ಕುದು. ಹಲ್ಲನ್ನು ಗಟ್ಟಿಯಾಗಿ ಕಡಿಯುತ್ತ ಗೂನಾಗಿ ಕುಳಿತಿದ್ದರೆ ಅಷ್ಟು ಹೊತ್ತೂ ಕಾಯಲಾಗದು. ಮನುಷ್ಯರ ಔಷಧವನ್ನು ಮನೆಯಲ್ಲಿ ಹಾಕುವುದು ಅಪಾಯಕರ. ಬೆದರಿದ ಮೊಲದ ಮುಂದೆ ಒಣಹುಲ್ಲು, ನೀರು, ಒಂದು ಹಿಡಿ ಹಸಿಯ ಗರಿಕೆ, ನಾಲ್ಕು ಕೊತ್ತಂಬರಿ ಎಸಳು ಇವನ್ನಿಟ್ಟು, ಎಷ್ಟು ಮುಟ್ಟಿತೆಂಬುದನ್ನು ನೋಡಿಕೊಳ್ಳುತ್ತಿರಬೇಕು.

ಪಟಾಕಿಯಿಲ್ಲದ ದಿನವೂ ಮೊಲವು ಬೆದರುವುದುಂಟು. ಬೌದ್ಧಜಾತಕಗಳಲ್ಲಿ ಬರುವ ಮೊಲದ ಕಥೆಯನ್ನು ಕೇಳದವರು ವಿರಳ. ತಾಳೆಗರಿಯ ಮೇಲೆ ಬಿಲ್ವದ ಕಾಯೊಂದು ಬಿದ್ದ ಸದ್ದಿಗೆ ಭೂಮಿಯೇ ಬಿರಿಯಿತೆಂದು ಮೊಲವು ಓಡಿತು. ಕಾಡಿನ ಮೃಗಗಳೆಲ್ಲ ಅದರ ಬೆನ್ನುಹತ್ತಿದವು. ಸಿಂಹರೂಪಿಯಾದ ಬೋಧಿಸತ್ತ್ವನು ಮೊಲವನ್ನು ಗದರಿಸಲಿಲ್ಲ. ಅದನ್ನು ತನ್ನ ಬೆನ್ನ ಮೇಲೇರಿಸಿಕೊಂಡು ಸದ್ದಾದ ಸ್ಥಳಕ್ಕೇ ಹೋಗಿ ನೋಡಿದನು. ಗೃಹಸ್ಥರೂ ಹಾಗೆಯೇ ಮಾಡಬೇಕು. ಕುಕ್ಕರಿನ ಸೀಟಿಯೋ, ಮಿಕ್ಸಿಯ ಮೊರೆತವೋ, ಕಿಟಕಿಯಲ್ಲಿ ಹಾದುಹೋದ ಹದ್ದಿನ ನೆರಳೋ, ರಾತ್ರಿ ಗೂಡಿನ ಬಳಿಗೆ ಬಂದ ಇಲಿಯೋ ಹಾವೋ ಹುಡುಕಿ ನೋಡಬೇಕು. ಹೊರಗೆ ಯಾವ ಕಾರಣವೂ ದೊರೆಯದಿದ್ದರೆ ಹಲ್ಲಿನ ಅಥವಾ ಕಿವಿಯ ನೋವಿರಬಹುದೆಂದು ಶಂಕಿಸಿ ವೈದ್ಯರಿಗೆ ತೋರಿಸಬೇಕು.

ನೆರೆಮನೆಯ ಮೊಲವು ಬಲಿಪಾಡ್ಯಮಿಯ ದಿನ ಗರಿಕೆಯನ್ನು ತಿಂದಿತು. ಅಂದು ಹುಡುಗಿಯು, "ಅಜ್ಜೀ, ನಾನು ಎತ್ತಿಕೊಂಡದ್ದಕ್ಕೇ ಹೀಗಾಯಿತೆ?" ಎಂದು ಕೇಳಿದಳಂತೆ. ಅಜ್ಜಿಯು, "ನೀನು ಪ್ರೀತಿಯಿಂದಲೇ ಎತ್ತಿಕೊಂಡೆ, ಮಗೂ. ಆಗ ಅದಕ್ಕೆ ಬಿಲ ಬೇಕಾಗಿತ್ತು" ಎಂದರಂತೆ. ಆ ಬುಟ್ಟಿಯು ಈಗಲೂ ಗೂಡಿನಲ್ಲಿದೆ.

ಮೊಲವನ್ನು ಸಾಕಿರುವ ಮನೆಯವರು ಹಬ್ಬಕ್ಕೆ ಎಂಟು ದಿನ ಮುಂಚಿತವಾಗಿಯೇ ಅಂಥದೊಂದು ಬುಟ್ಟಿಯನ್ನಾಗಲಿ ಪೆಟ್ಟಿಗೆಯನ್ನಾಗಲಿ ಗೂಡಿನಲ್ಲಿಟ್ಟು ರೂಢಿಮಾಡಿಸಲಿ; ಗೂಡನ್ನು ಬೀದಿಗೆ ದೂರವಾದ ಒಳಕೋಣೆಗೆ ಒಯ್ಯಲಿ; ಹಬ್ಬದಂದು ತೆರೆದಿರುವ ಪಶುವೈದ್ಯಶಾಲೆಯು ಯಾವುದೆಂಬುದನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಲಿ.