ಸಕ್ಕರೆ ಆರತಿಯ ಅಚ್ಚೂ ಸೂಕ್ಷ್ಮ ಶಿಲ್ಪವೂ

ದೀಪಾವಳಿ ಮುಗಿದು ಗೌರಿ ಹುಣ್ಣಿಮೆಯು ಸಮೀಪಿಸಿತೆಂದರೆ ಅಥಣಿ, ಚಿಕ್ಕೋಡಿ, ರಾಯಬಾಗ ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿನ ಕಟ್ಟಿಗೆಯ ಅಚ್ಚುಗಳು ಕೆಳಗಿಳಿಯುವವು. ಅವುಗಳನ್ನು ನೀರಿನಲ್ಲಿ ನೆನೆಯಿಸಿ, ಹೋಳುಗಳನ್ನು ಜೋಡಿಸಿ ಬಿಗಿದು, ಕಾದ ಸಕ್ಕರೆಯ ಪಾಕವನ್ನು ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಆನೆ, ನವಿಲು, ತೇರುಗಳು ಹೊರಬೀಳುವವು. ಬಡಿಗನು ಅಚ್ಚನ್ನು ಕೊರೆದುದು ಒಂದೇ ಸಲ. ಅದರ ಆರತಿಯನ್ನು ಬೆಳಗಿದವರಾದರೋ ಅಜ್ಜಿ, ಮಗಳು, ಮೊಮ್ಮಗಳು.

ಈ ತಿಂಗಳು ನಾವು ವಾಚಕರ ಮುಂದಿಡುವ ವಿಷಯವು ಇದೇ ಕೆಲಸದ ಅತಿ ಕಿರಿಯ ರೂಪವಾಗಿದೆ. ತಲೆಗೂದಲಿನ ದಪ್ಪವು ಸುಮಾರು 70 ಮೈಕ್ರೋಮೀಟರ, ಅಂದರೆ ಒಂದು ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ 70 ಪಾಲು. ಅದಕ್ಕಿಂತಲೂ ಸಣ್ಣವಾದ ಕಾಲುವೆ, ಕಂಬ, ಕುಣಿಗಳನ್ನು ಉದ್ದ, ಅಗಲ, ಎತ್ತರಗಳೊಡನೆ ಮೂಡಿಸುವ ವಿದ್ಯೆಯು ಇಂದು ಬೆಳೆದು ನಿಂತಿದೆ. ಒಂದು ಹನಿ ರಕ್ತವನ್ನು ಇಂತಹ ಕಾಲುವೆಗಳಲ್ಲಿ ಹರಿಸಿ ರೋಗವನ್ನು ಗುರುತಿಸುವ ಬಿಲ್ಲೆಗಳು ಅದರ ಫಲವೇ. ನಮ್ಮ ನಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆಗೆಂದೇ ಒಂದು ಕೇಂದ್ರವೂ ಧೂಳಿಲ್ಲದ ಕೋಣೆಗಳೂ ಇವೆ.

ಅಲ್ಲಿಯ ಕ್ರಮವೂ ಅಚ್ಚಿನದೇ. ಬೆಳಕು ತಾಗಿದರೆ ಗಟ್ಟಿಯಾಗುವ ರಾಳವನ್ನು ಸಿಲಿಕಾನಿನ ಬಿಲ್ಲೆಗೆ ತೆಳ್ಳಗೆ ಸವರಿ, ಚಿತ್ರವುಳ್ಳ ತಗಡಿನ ಮೂಲಕ ಬೆಳಕು ಬೀರಿ, ಗಟ್ಟಿಯಾಗದ ಭಾಗವನ್ನು ದ್ರಾವಕದಿಂದ ತೊಳೆಯುವರು. ಹೀಗೆ ಮೂಲದ ಅಚ್ಚು ಸಿದ್ಧವಾಗುವದು. ಅದರ ಮೇಲೆ ಸಿಲಿಕೋನ್ ರಬ್ಬರನ್ನು ಹೊಯ್ದು ಬಿಸಿಮಾಡಿ ಸುಲಿದರೆ ಪಡಿಯಚ್ಚು ದೊರೆಯುವದು. 1990ರ ದಶಕದಲ್ಲಿ ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ವೈಟ್‌ಸೈಡ್ಸ್ ಮತ್ತು ಸಂಗಡಿಗರು ಈ ಮೆತ್ತನೆಯ ಅಚ್ಚಿನ ರೀತಿಯನ್ನು ಬೆಳೆಸಿದರು. ಅಚ್ಚೇ ಇಲ್ಲದೆ, ಲೇಸರ್ ಕಿರಣವು ಕೇಂದ್ರೀಕರಿಸಿದ ಬಿಂದುವಿನಲ್ಲಷ್ಟೇ ರಾಳವನ್ನು ಗಟ್ಟಿಗೊಳಿಸುವ ರೀತಿಯೂ ಉಂಟು. 2001ರಲ್ಲಿ ಜಪಾನಿನ ಓಸಾಕಾದ ವಿಜ್ಞಾನಿಗಳು ಹಾಗೆ ಒಂದು ಗೂಳಿಯನ್ನು ರಚಿಸಿದರು. ಅದರ ಉದ್ದ 10, ಎತ್ತರ 7 ಮೈಕ್ರೋಮೀಟರ. ರಕ್ತದ ಒಂದು ಕೆಂಪು ಕಣದಷ್ಟು!

ವಸ್ತುವು ಇಷ್ಟು ಚಿಕ್ಕದಿರಲು ಅದರ ವೆಚ್ಚವೂ ಚಿಕ್ಕದೆಂದು ವಾಚಕರು ಭಾವಿಸಬಾರದು. ಧೂಳಿಲ್ಲದ ಕೋಣೆಯ ಗಾಳಿಯನ್ನು ಹಗಲಿರುಳು ಸೋಸಲು ವಿದ್ಯುತ್ತು ಬೇಕು. ತೊಳೆಯಲು ಅತಿ ಶುದ್ಧ ನೀರೂ ವಿಷಕರ ದ್ರಾವಕಗಳೂ ಬೇಕು. ರಕ್ತ ತಾಗಿದ ಬಿಲ್ಲೆಯನ್ನು ಮತ್ತೊಬ್ಬನಿಗೆ ಬಳಸುವಂತಿಲ್ಲ. ಅದು ಒಂದೇ ಸಲಕ್ಕೆ ಕಸ. ಹಳ್ಳಿಯ ದವಾಖಾನೆಗೂ ಅಗ್ಗದ ಪರೀಕ್ಷೆ ಬರಲೆಂದು ನಾವು ಹಾರೈಸುವೆವು. ಆದರೆ ಕರಗದ ಕಸವೂ ಅದರ ಬೆನ್ನಿಗೇ ಬರುವದಾದರೆ, ಅದರ ಹೊರೆಯು ಕೊನೆಗೆ ಬೀಳುವದು ಅದೇ ಹಳ್ಳಿಯ ಮಣ್ಣಿನ ಮೇಲೆ.

ಉಪಾಯಗಳು ಇಲ್ಲದಿಲ್ಲ. 2014ರಲ್ಲಿ ಅಮೇರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ರಾಳದ ಬದಲು ರೇಶಿಮೆಯ ಸತ್ವವನ್ನು ಬಳಸಿ, ಎಲೆಕ್ಟ್ರಾನುಗಳ ಕಿರಣದಿಂದ ಸೂಕ್ಷ್ಮ ಚಿತ್ರ ಬರೆದು, ಬರಿಯ ನೀರಿನಿಂದ ತೊಳೆದು ತೋರಿಸಿದರು. ಭಾರತದಲ್ಲಿ ಹೆಚ್ಚು ರೇಶಿಮೆ ಬೆಳೆಯುವ ನಾಡಿನವರಾದ ನಮಗೆ ಇದು ಗಮನಿಸತಕ್ಕ ಸಂಗತಿ. ಗೂಡಿನಿಂದ ಆ ಸತ್ವವನ್ನು ತೆಗೆಯಲು ಬಿಸಿನೀರೂ ಉರುವಲೂ ಬೇಕೆಂಬುದನ್ನು ಮಾತ್ರ ಮರೆಯಬಾರದು. ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದವರು ಉಪಾಹಾರಗೃಹದಲ್ಲಿ ಕರಿದು ಉಳಿದ ಎಣ್ಣೆಯಿಂದಲೇ ರಾಳವನ್ನು ಮಾಡಿ, 100 ಮೈಕ್ರೋಮೀಟರದಷ್ಟು ನವಿರಾದ ಗೆರೆಗಳುಳ್ಳ ಪಾತರಗಿತ್ತಿಯೊಂದನ್ನು ಮೂಡಿಸಿದರು. 2020ರಲ್ಲಿ ಪ್ರಕಟವಾದ ಈ ಕಾರ್ಯದಲ್ಲಿ ಆ ವಸ್ತುವು ಮಣ್ಣಿನಲ್ಲಿ ಜೀರ್ಣಿಸುವದೆಂದೂ ಕಂಡುಬಂದಿತು. ಇವು ಪ್ರಯೋಗಶಾಲೆಯಲ್ಲಿ ಸಾಧಿಸಿದವು. ಇಂತಹವು ದವಾಖಾನೆಯ ಬಿಲ್ಲೆಗಳಿಗೂ ಒದಗುವಂತಾಗಬೇಕು.

ಹೊಸ ವಿದ್ಯೆಯನ್ನು ಅಳೆಯಲು ನಮ್ಮ ಗೃಹಿಣಿಯರ ಬಳಿ ಹಳೆಯ ಅಳತೆಗೋಲು ಇದ್ದೇ ಇದೆ. ಅಟ್ಟದ ಮೇಲಿನ ಅಚ್ಚು ಬಹುಕಾಲ ಬಾಳುವದು; ಅದರಿಂದ ಬಂದ ಆರತಿಯು ಹಬ್ಬ ಮುಗಿದೊಡನೆ ಮಕ್ಕಳ ಬಾಯಲ್ಲಿ ಕರಗುವದು. ಶ್ರಮವೂ ಖರ್ಚೂ ಅಧಿಕವಾದುದು ಉಳಿಯಬೇಕು. ಒಂದೇ ಸಲ ಬಳಸತಕ್ಕುದು ಕುರುಹಿಲ್ಲದೆ ಕರಗಬೇಕು. ಕೂದಲೆಳೆಗಿಂತ ಕಿರಿದಾದ ಶಿಲ್ಪಕ್ಕೂ ಈ ನಿಯಮವೇ ಸಲ್ಲುವದೆಂದು ನಮ್ಮ ಅಭಿಪ್ರಾಯ.