ಚಳಿಗೆ ಮುನ್ನ ಜೇನುಪೆಟ್ಟಿಗೆಯ ಆರೈಕೆ

ಮಳೆ ಹಿಂದೆ ಸರಿದು, ರಾಗಿ ಹೊಲದ ಅಂಚಿನಲ್ಲಿ ಹುಚ್ಚೆಳ್ಳು ಹಳದಿ ಹೂ ತಳೆಯುವ ದಿನಗಳಿವು. ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಹಿತ್ತಲಿನಲ್ಲಿ ತುಡುವೆ ಜೇನು ಸಾಕಿರುವ ಗೃಹಸ್ಥರು ಈಗ ಒಂದು ಕೆಲಸವನ್ನು ಮುಂದೂಡದೆ ಮಾಡಬೇಕು. ಪೆಟ್ಟಿಗೆಯ ಮುಚ್ಚಳ ತೆರೆದು ಒಳಗಿನ ಸಂಸಾರದ ಯೋಗಕ್ಷೇಮ ವಿಚಾರಿಸಬೇಕು.

ನಮ್ಮ ಸೀಮೆಯ ಚಳಿ ಹಿಮ ಸುರಿಯುವ ನಾಡುಗಳ ಚಳಿಯಂತೆ ಉಗ್ರವಾದುದಲ್ಲ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿಯೂ ಬಿಸಿಲೇರಿದ ಮೇಲೆ ನೊಣಗಳು ಹೊರಗೆ ಹಾರಾಡುತ್ತವೆ. ಆದರೂ ಸಂಕ್ರಾಂತಿಯ ವೇಳೆಗೆ ಕೆಲವು ಪೆಟ್ಟಿಗೆಗಳು ಬರಿದಾಗುವುದುಂಟು. ಅದಕ್ಕೆ ಚಳಿಯನ್ನು ದೂರುವುದು ವಾಡಿಕೆ. ಕಾರಣವೋ ಮಳೆಗಾಲದಲ್ಲಿಯೇ ಹುಟ್ಟಿರುತ್ತದೆ. ಆ ತಿಂಗಳುಗಳಲ್ಲಿ ಹೂ ವಿರಳ, ಹಾರಾಟಕ್ಕೆ ಬಿಡುವೂ ವಿರಳ. ಕೂಡಿಟ್ಟ ತುಪ್ಪ ಖರ್ಚಾಗಿ, ರಾಣಿಯ ಮೊಟ್ಟೆಗಳು ತಗ್ಗಿ, ಸಂಸಾರ ಸೊರಗಿರುತ್ತದೆ. ಈಗ ಆಸರೆ ದೊರೆಯದಿದ್ದರೆ ಅದು ಹೊಂಗೆ, ಬೇವು ಅರಳುವ ಕಾಲದವರೆಗೆ ಉಳಿಯುವುದು ಕಷ್ಟ.

ಗಾಳಿಯಿಲ್ಲದ ದಿನ, ಬಿಸಿಲು ಹದವಾಗಿ ಬಿದ್ದಾಗ ಪೆಟ್ಟಿಗೆ ತೆರೆಯುವುದು ಉಚಿತ. ಬಾಗಿಲಿಗೆ ಅಡ್ಡ ನಿಲ್ಲದೆ ಪಕ್ಕದಲ್ಲಿ ನಿಂತು, ತುಸುವೇ ಹೊಗೆಯಾಡಿಸಿ, ಚೌಕಟ್ಟುಗಳನ್ನು ಒಂದೊಂದಾಗಿ ನೇರವಾಗಿ ಮೇಲೆತ್ತಬೇಕು. ರಾಣಿಯನ್ನೇ ಹುಡುಕುತ್ತ ಹೊತ್ತು ಕಳೆಯಬೇಕಾಗಿಲ್ಲ. ಕಣ್ಣಿಯ ತಳದಲ್ಲಿ ಒಂದೊಂದೇ ಮೊಟ್ಟೆ ಕಂಡರೆ ರಾಣಿ ಕ್ಷೇಮವೆಂದೇ ತಿಳಿಯಬಹುದು. ಒಂದೇ ಕಣ್ಣಿಯಲ್ಲಿ ಹಲವು ಮೊಟ್ಟೆಗಳು ಚದುರಿದ್ದು, ಗಂಡು ನೊಣದ ಮರಿಗಳೇ ಹೆಚ್ಚಾಗಿದ್ದರೆ ರಾಣಿ ಇಲ್ಲವಾಗಿ ಕೆಲಸಗಾರ ನೊಣಗಳೇ ಮೊಟ್ಟೆಯಿಡತೊಡಗಿವೆ ಎಂದರ್ಥ. ಅಂತಹ ಸಂಸಾರ ತಾನಾಗಿ ಉದ್ಧಾರವಾಗದು. ಅನುಭವಿಗಳನ್ನು ಕರೆದು ತೋರಿಸಬೇಕು. ರಾಣಿಯಿದ್ದೂ ನೊಣಗಳು ತೀರ ಕಡಿಮೆಯಿದ್ದರೆ, ರೋಗವಿಲ್ಲವೆಂದು ಖಚಿತಪಡಿಸಿಕೊಂಡು ಮತ್ತೊಂದು ಸಂಸಾರದೊಡನೆ ಕೂಡಿಸುವುದೇ ಮೇಲು. ಎರಡು ದುರ್ಬಲ ಪೆಟ್ಟಿಗೆಗಳಿಗಿಂತ ಒಂದು ಸಬಲ ಪೆಟ್ಟಿಗೆ ಲೇಸು.

ನೊಣಗಳು ಕೂರದ ಹಳೆಯ ಎರಿಗಳಲ್ಲಿ ಮೇಣದ ಪತಂಗ ಮನೆ ಮಾಡುತ್ತದೆ. ಅದರ ಹುಳು ಬಲೆ ಹೆಣೆಯುತ್ತ ಎರಿಯನ್ನು ಕೊರೆದು ತಿನ್ನುತ್ತದೆ. ಅಂತಹ ಎರಿಗಳನ್ನು ತೆಗೆದು, ಅಡಿಹಲಗೆಯ ಕಸವನ್ನು ಗುಡಿಸಬೇಕು. ಇರುವೆ ಹತ್ತದಂತೆ ಪೀಠದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಬೇಕು.

ತುಪ್ಪದ ಸಂಗ್ರಹ ಬರಿದಾಗಿದ್ದರೆ ಆಹಾರ ಕೊಡಬೇಕು. ಬೆಲ್ಲದ ನಾಡಿನವರಾದ ನಮಗೆ ಮೊದಲು ನೆನಪಾಗುವುದು ಬೆಲ್ಲ. ಆದರೆ ಬೆಲ್ಲದ ನೀರು ಜೇನಿಗೆ ಸಲ್ಲದು. ಅದರಲ್ಲಿನ ಲವಣಾಂಶ ಜೀರ್ಣವಾಗದೆ ನೊಣಗಳಿಗೆ ಭೇದಿಯಾಗುತ್ತದೆ. ಬಿಳಿ ಸಕ್ಕರೆ ಒಂದು ಪಾಲು, ಕಾಯಿಸಿದ ನೀರು ಒಂದು ಪಾಲು ಬೆರೆಸಿ, ಆರಿಸಿ, ಸಂಜೆಯ ಹೊತ್ತು ಪೆಟ್ಟಿಗೆಯ ಒಳಗೇ ಇಡಬೇಕು. ನೊಣಗಳು ಮುಳುಗದಂತೆ ಪಾಕದ ಮೇಲೆ ಕಡ್ಡಿಗಳನ್ನು ತೇಲಿಬಿಡಬೇಕು. ಹಸಿದ ನೊಣ ಆಲೆಮನೆಗೆ ಹಾರಿ, ಕುದಿವ ಕೊಪ್ಪರಿಗೆಗೆ ಬಿದ್ದು ಸಾಯುವುದನ್ನು ಮದ್ದೂರು, ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೆಟ್ಟಿಗೆಯನ್ನು ಆಲೆಮನೆಯಿಂದ ಸಾಧ್ಯವಾದಷ್ಟು ದೂರದಲ್ಲಿಡುವುದು ಒಳಿತು.

ಮರಿಗಳ ಮೇಲೂ ಕಣ್ಣಿರಲಿ. 1991-92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ಹಬ್ಬಿ, ತುಡುವೆ ಸಂಸಾರಗಳಲ್ಲಿ ಬಹುಪಾಲನ್ನು ನಾಶಮಾಡಿತು. ಪೆಟ್ಟಿಗೆಗಳನ್ನೇ ನೆಚ್ಚಿದ್ದ ಎಷ್ಟೋ ಮನೆಗಳು ಜೇನಿನ ಆಸೆಯನ್ನೇ ತೊರೆದವು. ರೋಗ ತಗುಲಿದ ಮರಿ ಕೋಶವಾಗುವ ಮುನ್ನ ನೀರು ತುಂಬಿದ ಚೀಲದಂತಾಗಿ, ಕಣ್ಣಿಯಲ್ಲಿ ಅಂಗಾತ ಮಲಗಿ ಸಾಯುತ್ತದೆ. ಇದಕ್ಕೆ ನೇರವಾದ ಔಷಧಿಯಿಲ್ಲ. ಅಂತಹ ಎರಿಗಳನ್ನು ತೆಗೆದು ಸುಡಬೇಕು. ಒಂದು ಪೆಟ್ಟಿಗೆಯ ಚೌಕಟ್ಟನ್ನು ಇನ್ನೊಂದಕ್ಕೆ ಹಾಕಬಾರದು. ರಾಣಿಯನ್ನು ಕೆಲವು ವಾರ ಪಂಜರದಲ್ಲಿರಿಸಿ ಮರಿಗಳ ಸಾಲನ್ನು ತುಂಡರಿಸುವ ಕ್ರಮವೂ ಉಂಟು. ಸಂಶಯ ಬಂದವರು ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯನ್ನಾಗಲಿ, ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಕೂಡಲೇ ವಿಚಾರಿಸಬೇಕು.

ನಮ್ಮ ಕೈಯಿಂದಲೇ ಬರುವ ಕಂಟಕವೂ ಒಂದಿದೆ. ಅವರೆ ಹೂವಿಗೆ ಬೆಳಗಿನ ಹೊತ್ತು ಕೀಟನಾಶಕ ಸಿಂಪಡಿಸಿದರೆ ದುಡಿಯಲು ಹೋದ ನೊಣ ಮನೆಗೆ ಮರಳದು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಮಳವಳ್ಳಿ, ಮದ್ದೂರಿನ ಮನೆಗಳಿಗೆ ಇದು ಹೊಸ ಪಾಠವಲ್ಲ. ವಿಷ ಸೋಂಕಿದ ಒಂದು ಹಿಡಿ ಸೊಪ್ಪು ಹುಳುವನ್ನು ಏನು ಮಾಡುತ್ತದೆಂದು ಅವರು ಬಲ್ಲರು. ಅದೇ ಎಚ್ಚರ ಜೇನಿಗೂ ಇರಲಿ. ಸಿಂಪಡಿಸಲೇಬೇಕಾದರೆ ನೊಣಗಳು ಗೂಡು ಸೇರಿದ ಮೇಲೆ, ಸಂಜೆ ಸಿಂಪಡಿಸೋಣ. ನೆರೆಯವರಿಗೂ ವಿನಯದಿಂದ ಹೇಳೋಣ. ಕುಂಬಳ, ಸೌತೆಯ ಮಿಡಿ ನಿಲ್ಲಬೇಕಾದರೆ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸುವ ಜೀವಿ ಬೇಕು. ಆ ಉಪಕಾರ ಪೆಟ್ಟಿಗೆಯಿಲ್ಲದ ನೆರೆಮನೆಗೂ ಸಲ್ಲುತ್ತದೆ.

ಕಡೆಯದಾಗಿ, ತುಪ್ಪ ತೆಗೆಯುವಾಗಿನ ವಿವೇಕ. ಜೇನು ಕೋಣೆಯಲ್ಲಿ ಕಣ್ಣಿಗಳು ಮುಚ್ಚಿದ, ಪಕ್ವವಾದ ತುಪ್ಪ ಮಾತ್ರ ನಮ್ಮದು. ಕೆಳಗಿನ ಸಂಸಾರ ಕೋಣೆಯದು ನೊಣಗಳ ಮರಿಗಳ ಅನ್ನ, ಅದಕ್ಕೆ ಕೈಹಾಕಬಾರದು. ಪೆಟ್ಟಿಗೆ ಬರಿದಾಗುವ ಮನೆಗಳಲ್ಲಿ ಮಳೆಗೆ ಮುನ್ನ ಆದ ತಪ್ಪು ಹೆಚ್ಚಾಗಿ ಇದೇ. ಶರಣರು ಕಾಯಕದೊಡನೆ ದಾಸೋಹವನ್ನು ಜೋಡಿಸಿದರು. ಗಳಿಸಿದ್ದೆಲ್ಲ ತನಗೇ ಎಂಬ ಬುದ್ಧಿಯನ್ನು ಅವರು ಒಪ್ಪಲಿಲ್ಲ. ಜೇನಿನ ಕಾಯಕದಿಂದ ಉಣ್ಣುವ ನಾವು ಅದರ ಪಾಲನ್ನು ಅದಕ್ಕೇ ಬಿಟ್ಟು ಉಳಿದುದನ್ನು ಸ್ವೀಕರಿಸಿದರೆ ಆ ತುಪ್ಪ ಪ್ರಸಾದವಾಗುತ್ತದೆ. ಬರುವ ಭಾನುವಾರ ಮಕ್ಕಳನ್ನೂ ಜೊತೆಗೆ ಕರೆದು, ಮುಖಪರದೆ ತೊಡಿಸಿ, ಒಮ್ಮೆ ಪೆಟ್ಟಿಗೆ ತೆರೆದು ನೋಡಿರಿ.