ಮಾರ್ಚ್ 31ರ ಲೆಕ್ಕ, ಇಪ್ಪತ್ತರ ಹರೆಯ

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಪ್ರಾಯೋಗಿಕವಾಗಿ ಶುರುವಾದದ್ದು 2024ರ ಅಕ್ಟೋಬರ್‌ನಲ್ಲಿ. ದೇಶದ ಅಗ್ರ 500 ಕಂಪನಿಗಳಲ್ಲಿ ಐದು ವರ್ಷಗಳೊಳಗೆ ಒಂದು ಕೋಟಿ ತರುಣ ತರುಣಿಯರಿಗೆ 12 ತಿಂಗಳ ಕೆಲಸದ ಅನುಭವ ಕೊಡಿಸಬೇಕೆಂಬುದು ಅದರ ಗುರಿ. ಆಗ 21ರಿಂದ 24 ವರ್ಷದವರಿಗೆ ತಿಂಗಳಿಗೆ 5,000 ರೂಪಾಯಿ. ಅದರಲ್ಲಿ 4,500 ಸರ್ಕಾರದ್ದು, ಉಳಿದ 500 ಕಂಪನಿ ತನ್ನ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣದಿಂದ ಕೊಡಬೇಕಿದ್ದದ್ದು. ಮೊದಲ ಸುತ್ತಿನಲ್ಲಿ ಕಂಪನಿಗಳು 82 ಸಾವಿರಕ್ಕೂ ಹೆಚ್ಚು ಆಹ್ವಾನ ಕಳುಹಿಸಿದವು. ಒಪ್ಪಿದವರು 28 ಸಾವಿರದ ಆಸುಪಾಸು. ಕೊನೆಗೆ ಗೇಟು ದಾಟಿ ಒಳಗೆ ಹೋದವರು ಒಂಬತ್ತು ಸಾವಿರವೂ ಇಲ್ಲ.

ಈ ಸಂಖ್ಯೆ ನೋಡಿ ಈಗಿನ ಹುಡುಗರಿಗೆ ಮೈ ಬಗ್ಗದು ಎಂದು ಷರಾ ಬರೆದುಬಿಡುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಊರು ದೂರ, ಕೆಲಸ ಹೊಂದಲಿಲ್ಲ, ಅವಧಿ ಹೆಚ್ಚಾಯಿತು ಎಂಬ ಕಾರಣಗಳನ್ನು ಸರ್ಕಾರವೇ ಹೇಳಿದೆ. ಬಡವರ ಮನೆಯ ಕಟ್ಟೆಯ ಮೇಲೆ ಕೂತು ಯೋಚಿಸಿದರೆ ಈ ಮೂರೂ ಒಂದೇ ಕಾರಣ. ಗುರುಮಠಕಲ್ ಕಡೆಯ ಹಳ್ಳಿಯಲ್ಲಿ ಬಿ.ಎ. ಮುಗಿಸಿದ ಹುಡುಗಿಗೆ ಬೆಂಗಳೂರಿನ ಕಂಪನಿಯಿಂದ ಕರೆ ಬಂತು ಎನ್ನಿ. 'ಎಲ್ಲಿ ಇರ್ತೀ ಯವ್ವಾ, ಯಾರ ಕೂಡ ಇರ್ತೀ?' ಎಂದು ಅಪ್ಪ ಕೇಳುತ್ತಾನೆ. ಆ 5,000ದಲ್ಲಿ ಬಹುಪಾಲು ಪಿಜಿಯ ಬಾಡಿಗೆಗೇ ಹೋಗುತ್ತದೆ. ಬಸ್ಸು, ಫೋನು, ಕಾಯಿಲೆ ಕಸಾಲೆಗೆ ಮನೆಯಿಂದಲೇ ದುಡ್ಡು ತರಿಸಬೇಕು. ವರ್ಷ ಕಳೆದ ಮೇಲೆ ಅದೇ ಕಂಪನಿಯಲ್ಲಿ ಕೆಲಸ ಸಿಗುತ್ತದೆಂಬ ಮಾತು ಯಾರೂ ಕೊಟ್ಟಿಲ್ಲ. ಹೀಗಿರುವಾಗ ಆ ಮನೆಯವರು 'ಬೇಡ' ಎಂದರೆ ಅದು ಸೋಮಾರಿತನವಲ್ಲ, ಲೆಕ್ಕಾಚಾರ.

ಯುವಜನರ ಓದು ಮತ್ತು ಬದುಕಿಗೆಂದು ನಮ್ಮ ಕಂಪನಿಗಳು ವ್ಯಯಿಸುವ ಹಣದ ಬಗ್ಗೆ ಬರೆಯಲು ಹೊರಟಾಗ ನನ್ನ ಮನಸ್ಸು ಮತ್ತೆ ಮತ್ತೆ ಈ ಲೆಕ್ಕಾಚಾರದ ಕಡೆಗೇ ಹೋಗುತ್ತದೆ. ತರಬೇತಿಗೆ ದುಡ್ಡಿದೆ, ತರಬೇತಿ ಪಡೆಯುವವನು ಆ ದಿನಗಳಲ್ಲಿ ಬದುಕಿರುವುದಕ್ಕೆ ದುಡ್ಡಿಲ್ಲ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ನಿವ್ವಳ ಸಂಪತ್ತು, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆ ಎಂಬುದನ್ನು ಕಾಯ್ದೆಯ ಏಳನೇ ಅನುಸೂಚಿ ಹೇಳುತ್ತದೆ. ಶಿಕ್ಷಣ, ಉದ್ಯೋಗ ಕೊಡಿಸುವ ಕೌಶಲ, ಜೀವನೋಪಾಯ ಮೂರೂ ಅಲ್ಲಿ ಒಂದೇ ಬಾಬಿನಲ್ಲಿವೆ. 2022-23ರಲ್ಲಿ ದೇಶದಾದ್ಯಂತ ಹೀಗೆ ಖರ್ಚಾದದ್ದು ಸುಮಾರು 30 ಸಾವಿರ ಕೋಟಿ ರೂಪಾಯಿ. ಅದರಲ್ಲಿ ಮೂರನೆಯ ಒಂದು ಪಾಲು ಶಿಕ್ಷಣಕ್ಕೇ ಹೋಯಿತು. ಖರ್ಚು ಮಾಡದ ಕಂಪನಿಯ ಅಧಿಕಾರಿಗಳಿಗೆ ಜೈಲಿನ ಭಯ ಒಡ್ಡುವ ತಿದ್ದುಪಡಿ 2019ರಲ್ಲಿ ಬಂದು, ಉದ್ಯಮಿಗಳು ಗದ್ದಲವೆಬ್ಬಿಸಿ, ಆಮೇಲೆ ಅದು ಬರೀ ದಂಡವಾಗಿ ಉಳಿಯಿತು. ಅದು ಸರಿಯಾದ ತೀರ್ಮಾನವೇ.

ತೊಡಕು ಇರುವುದು ಹಣದ ಮೊತ್ತದಲ್ಲಲ್ಲ, ಹಣದ ಕಾಲಮಾನದಲ್ಲಿ. ಕಂಪನಿಯ ವರ್ಷ ಏಪ್ರಿಲ್‌ಗೆ ಹುಟ್ಟಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿಯುವವರನ್ನು ಕೇಳಿ ನೋಡಿ: ಪ್ರಸ್ತಾವ ಕೊಟ್ಟು, ಕಂಪನಿಯ ಸಮಿತಿ ಕೂತು, ಒಪ್ಪಂದಕ್ಕೆ ಸಹಿ ಬೀಳುವಷ್ಟರಲ್ಲಿ ಮಳೆಗಾಲ ಕಳೆದಿರುತ್ತದೆ. ಮೊದಲ ಕಂತು ಬರುವಾಗ ದೀಪಾವಳಿ ಹತ್ತಿರ. ಆಮೇಲೆ ಓಟ. ಹುಡುಗರನ್ನು ಹುಡುಕು, ಬ್ಯಾಚ್ ತುಂಬಿಸು, ಟೈಲರಿಂಗೋ ಡೇಟಾ ಎಂಟ್ರಿಯೋ ಕಲಿಸು, ಸರ್ಟಿಫಿಕೇಟ್ ಹಂಚು, ಫೋಟೊ ತೆಗೆ, ಮಾರ್ಚ್‌ಗೆ ಮೊದಲು ಹಣ ಬಳಕೆಯ ಪ್ರಮಾಣಪತ್ರ (ಯುಸಿ) ಕಳಿಸು. ಇಷ್ಟು ಅವಸರದಲ್ಲಿ ನಡೆಯಬಹುದಾದದ್ದು 45 ದಿನದ ತರಬೇತಿ ಒಂದೇ. ಹಾಗಾಗಿ ಎಲ್ಲೆಲ್ಲೂ 45 ದಿನದ ತರಬೇತಿಗಳೇ ಕಾಣುತ್ತವೆ. ಶಾಲೆಗಳಿಗೆ ಬಂದರೆ ಬಣ್ಣ, ಬೆಂಚು, ಬ್ಯಾಗು, ಸ್ಮಾರ್ಟ್ ಟಿವಿ. ಇವೆಲ್ಲ ಫೆಬ್ರುವರಿಯಲ್ಲಿ ಕೊಂಡು ಮಾರ್ಚ್‌ನಲ್ಲಿ ಲೆಕ್ಕ ಕೊಡಬಹುದಾದ ವಸ್ತುಗಳು. ಒಂಬತ್ತನೇ ಕ್ಲಾಸಿನ ಮಗುವಿಗೆ ಭಾಗಾಕಾರ ಕಲಿಸುವ ಕೆಲಸಕ್ಕೆ ಅಂಥ ಬಿಲ್ಲು ಸಿಗುವುದಿಲ್ಲ.

ಭಾಗಾಕಾರದ ಮಾತನ್ನು ಸುಮ್ಮನೆ ಎತ್ತಲಿಲ್ಲ. 2024ರ ಜನವರಿಯಲ್ಲಿ ಬಿಡುಗಡೆಯಾದ, ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ವರದಿ ಗ್ರಾಮೀಣ ಭಾರತದ 14ರಿಂದ 18 ವರ್ಷದ ಮಕ್ಕಳನ್ನು ಕುರಿತದ್ದು. 26 ರಾಜ್ಯಗಳ 28 ಜಿಲ್ಲೆಗಳಲ್ಲಿ ನಡೆದ ಆ ಸಮೀಕ್ಷೆಯಲ್ಲಿ ಶೇ 86.8ರಷ್ಟು ಮಕ್ಕಳು ಶಾಲೆಯಲ್ಲೋ ಕಾಲೇಜಿನಲ್ಲೋ ದಾಖಲಾಗಿದ್ದರು. ಸಂತೋಷದ ಸಂಗತಿ. ಆದರೆ ಸಮೀಕ್ಷೆಗೆ ಒಳಗಾದ ಮಕ್ಕಳಲ್ಲಿ ಕಾಲು ಭಾಗಕ್ಕೆ ತಮ್ಮದೇ ಭಾಷೆಯ ಎರಡನೇ ತರಗತಿಯ ಪಾಠವನ್ನು ತಡವರಿಸದೆ ಓದಲಾಗುತ್ತಿರಲಿಲ್ಲ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು ಅರ್ಧಕ್ಕಿಂತ ಹೆಚ್ಚಿನವರಿಗೆ ಬರುತ್ತಿರಲಿಲ್ಲ. ವೃತ್ತಿ ತರಬೇತಿ ಪಡೆಯುತ್ತಿದ್ದವರು ಶೇ 5.6 ಮಾತ್ರ. ಇನ್ನೆರಡು ವರ್ಷಕ್ಕೆ ಇದೇ ಮಕ್ಕಳು ಕೌಶಲ ಕೇಂದ್ರದ ಬಾಗಿಲಿಗೆ ಬರುತ್ತಾರೆ. ಮೋಟಾರ್ ರಿವೈಂಡಿಂಗ್ ಕಲಿಯುವವನು ಸುತ್ತು ಎಣಿಸಬೇಕು, ತಂತಿಯ ಗೇಜು ಓದಬೇಕು, ಗಿರಾಕಿಗೆ ಲೆಕ್ಕ ಹೇಳಬೇಕು. ಏಳನೇ ಕ್ಲಾಸಿನಲ್ಲಿ ಕಲಿಯದೆ ಬಿಟ್ಟದ್ದನ್ನು 45 ದಿನದಲ್ಲಿ ಕೈಗೆ ತಂದುಕೊಡುವ ಮೇಷ್ಟ್ರು ಎಲ್ಲಿದ್ದಾರೆ? ಕಂಪನಿಯ ವರದಿಯಲ್ಲಿ ಶಿಕ್ಷಣ ಒಂದು ಪುಟ, ಜೀವನೋಪಾಯ ಇನ್ನೊಂದು ಪುಟ. ಹುಡುಗನ ಪಾಲಿಗೆ ಅವೆರಡೂ ಒಂದೇ ಆಯುಷ್ಯದ ಹಿಂದುಮುಂದಿನ ವರ್ಷಗಳು.

ಬೇರೆ ದಾರಿ ಇಲ್ಲವೆಂದು ಹೇಳುವಂತಿಲ್ಲ. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ 2007ರಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆಯಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ, ಕರ್ನಾಟಕದ ಹಳ್ಳಿಗಳ ಬಡ ಮಕ್ಕಳನ್ನು ಆರಿಸಿ ಮೂರು ವರ್ಷ ಅಲ್ಲೇ ಇರಿಸಿಕೊಂಡು ಕಲಿಸುತ್ತಾರೆ. ವೆಲ್ಡಿಂಗ್, ಪೇಂಟ್, ಅಸೆಂಬ್ಲಿ, ಮೆಕಟ್ರಾನಿಕ್ಸ್. ಮೊದಲು ಗಂಡುಮಕ್ಕಳಿಗಷ್ಟೇ ಇದ್ದದ್ದು ಈಗ ಹೆಣ್ಣುಮಕ್ಕಳಿಗೂ ತೆರೆದಿದೆ. ಮೂರು ವರ್ಷ ಊಟ, ವಸತಿ, ಶಿಸ್ತು, ಆಟ, ಕೆಲಸ ಎಲ್ಲ ಒಂದೇ ಕಡೆ. ತಲೆಗೆ ತಗಲುವ ಖರ್ಚು 45 ದಿನದ ತರಬೇತಿಗಿಂತ ಹತ್ತಾರು ಪಟ್ಟು ಹೆಚ್ಚೇ ಇರಬೇಕು, ಸಂಖ್ಯೆ ಕಡಿಮೆಯೇ ಇರಬೇಕು. 'ಈ ವರ್ಷ ಹತ್ತು ಸಾವಿರ ಫಲಾನುಭವಿಗಳು' ಎಂದು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಲು ಅದು ಒದಗುವುದಿಲ್ಲ. ಆದರೆ ಹದಿನಾರರ ಹುಡುಗ ಹತ್ತೊಂಬತ್ತಕ್ಕೆ ಹೊರಬರುವಾಗ ಕೈಯಲ್ಲಿ ಕಸಬು ಇರುತ್ತದೆ. ಕಂಪನಿಗೆ ಇದರಿಂದ ಸ್ವಂತ ಲಾಭವೂ ಇದೆ ಎಂದು ಕೆಲವರು ಮೂಗು ಮುರಿಯುತ್ತಾರೆ. ಇರಲಿ. ಲಾಭ ಇರುವುದರಿಂದಲೇ ಕಂಪನಿ ಇಷ್ಟು ವರ್ಷ ಕೈಬಿಡದೆ ನಡೆಸಿದ್ದರೆ, ಅದು ಹುಡುಗರ ಅದೃಷ್ಟ.

ಇಂಥ ಯೋಚನೆ ಈ ನೆಲಕ್ಕೆ ಹೊಸತಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಅಧ್ಯಕ್ಷರಾಗಿ ದುಡಿದದ್ದಕ್ಕೆ ತಮಗೆ ಬರಬೇಕಿದ್ದ ಹಣವನ್ನು ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಕಸಬು ಕಲಿಸುವ ಸಂಸ್ಥೆಯೊಂದಕ್ಕೆ ಕೊಡಿಸಿದರು. ತಮ್ಮ ಹೆಸರು ಬೇಡ, ಮಹಾರಾಜರ ಹೆಸರಿರಲಿ ಎಂದರು. ಇವತ್ತು ಎಸ್‌ಜೆಪಿ ಎಂದು ಎಲ್ಲರೂ ಕರೆಯುವ ಪಾಲಿಟೆಕ್ನಿಕ್ ಅದು. ಕೊಟ್ಟವರು ಹೋದ ಮೇಲೂ ಪ್ರತಿ ವರ್ಷ ಅಡ್ಮಿಷನ್ ಆಗುತ್ತಲೇ ಇದೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಪಾಠ ಉಜಿರೆಯದು. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳನ್ನು ಜೊತೆ ಸೇರಿಸಿಕೊಂಡು ಅಲ್ಲಿ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಆರಂಭಿಸಿದರು. ಸಿಎಸ್‌ಆರ್ ಎಂಬ ಮಾತು ನಮ್ಮಲ್ಲಿ ಹುಟ್ಟುವುದಕ್ಕೆ ಬಹಳ ಮೊದಲು. ಅಲ್ಲಿನ ತರಬೇತಿಯೂ ಕೆಲವೇ ವಾರಗಳದ್ದು: ಹೈನುಗಾರಿಕೆ, ದ್ವಿಚಕ್ರ ವಾಹನ ರಿಪೇರಿ, ಹೊಲಿಗೆ, ಫೋಟೊಗ್ರಫಿ. ಹಾಗಿದ್ದರೆ ಮೇಲೆ ನಾನು ದೂರಿದ ತರಬೇತಿಗಳಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಬಹುದು. ವ್ಯತ್ಯಾಸ ತರಬೇತಿಯ ಆಚೀಚೆ ಇದೆ. ಶಿಬಿರಾರ್ಥಿಗಳು ಅಲ್ಲೇ ಉಳಿಯುತ್ತಾರೆ, ಊಟ ಉಚಿತ. ಬೆಳಗಿನಿಂದ ರಾತ್ರಿಯವರೆಗೆ ಒಟ್ಟಿಗೆ ಇರುವುದರಿಂದ ಸಂಕೋಚ ಕಳೆಯುತ್ತದೆ, ಅಪರಿಚಿತರ ಎದುರು ಮಾತಾಡುವ ಧೈರ್ಯ ಬರುತ್ತದೆ. ಪೇಟೆಗೆ ಹೋಗಿ ಯಾವ ವ್ಯಾಪಾರಕ್ಕೆ ಗಿರಾಕಿ ಇದ್ದಾರೆ ಎಂದು ತಾವೇ ವಿಚಾರಿಸಿ ಬರುತ್ತಾರೆ. ಬ್ಯಾಂಕೇ ಸಂಸ್ಥೆಯ ಪಾಲುದಾರ ಆದ್ದರಿಂದ ಸಾಲದ ಅರ್ಜಿ ಹಿಡಿದು ಅಲೆಯುವುದು ತಪ್ಪುತ್ತದೆ. ಊರಿಗೆ ಮರಳಿದ ಮೇಲೆ ಎರಡು ವರ್ಷದ ತನಕ ಸಂಸ್ಥೆಯವರು ಬೆನ್ನಿಗಿರುತ್ತಾರೆ: ಅಂಗಡಿ ತೆರೆದೆಯಾ, ಸಾಲ ಬಂತಾ, ಎಲ್ಲಿ ಕಟ್ಟಿಹೋಯಿತು, ಮುಂದೇನು. ಸರ್ಟಿಫಿಕೇಟ್ ಪಡೆದವರ ಪಟ್ಟಿಗಿಂತ, ಕಾಲೂರಿ ನಿಂತವರು ಎಷ್ಟು ಎಂಬುದು ಅವರ ಮುಖ್ಯ ಲೆಕ್ಕ.

ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಈ ಮಾದರಿಯನ್ನೇ ತೆಗೆದುಕೊಂಡು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು (ಆರ್‌ಸೆಟಿ) ಕಟ್ಟಿಸಿತು. ಜಾಗ ರಾಜ್ಯದ್ದು, ಕಟ್ಟಡಕ್ಕೆ ನೆರವು ಕೇಂದ್ರದ್ದು, ನಡೆಸುವ ಹೊಣೆ ಬ್ಯಾಂಕಿನದು. ದಕ್ಷಿಣ ಕನ್ನಡದ ಒಂದು ಊರಿನಲ್ಲಿ ಹುಟ್ಟಿದ ವಿಚಾರ ಬಿಹಾರದ ಹುಡುಗನಿಗೂ ಅಸ್ಸಾಮಿನ ಹುಡುಗಿಗೂ ತಲುಪಿತು. ಇದನ್ನು ನಾವು ಇನ್ನಷ್ಟು ಅಭಿಮಾನದಿಂದ ಹೇಳಿಕೊಳ್ಳಬೇಕಿತ್ತು. ಕಂಪನಿಗಳು ತಮ್ಮ ಹೆಸರಿನ ಹೊಸ ಹೊಸ ಕೇಂದ್ರಗಳನ್ನು ತೆರೆಯುವ ಬದಲು, ಹೆಚ್ಚಿನ ಜಿಲ್ಲೆಗಳಲ್ಲಿ ಈಗಾಗಲೇ ಇರುವ ಇವುಗಳ ಎರಡು ವರ್ಷದ ಅನುಸರಣೆಯನ್ನು ನಾಲ್ಕು ವರ್ಷಕ್ಕೆ ಏರಿಸಲು ಹಣ ಕೊಟ್ಟರೆ ಎಷ್ಟು ಚೆನ್ನ.

ಅನುಸರಣೆ ಎಂದರೆ ಕೊನೆಗೆ ಮನುಷ್ಯರು. ಬೈಕಿನ ಮೇಲೆ ಹಳ್ಳಿ ಸುತ್ತಿ, ಬಿಟ್ಟುಹೋದ ಹುಡುಗನ ಮನೆಯ ಬಾಗಿಲು ತಟ್ಟುವ ಫೀಲ್ಡ್ ಕಾರ್ಯಕರ್ತೆಗೆ ಸಂಬಳ ಕೊಡಬೇಕು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹಾನಿ ಮಾಡುತ್ತಿದೆ. ಆಡಳಿತ ವೆಚ್ಚ ಶೇ 5 ಮೀರಬಾರದೆಂದು ನಿಯಮವಿದೆ. ಆ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಖರ್ಚಿಗೆ. ಯೋಜನೆಯನ್ನು ನಡೆಸುವ ಸಂಸ್ಥೆಯ ಖರ್ಚು ಅದರೊಳಗೆ ಬರುವುದಿಲ್ಲವೆಂದು ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲೇ ಸ್ಪಷ್ಟಪಡಿಸಿದೆ. ಆದರೂ ಎಷ್ಟೋ ಒಪ್ಪಂದಗಳಲ್ಲಿ ಆ ಶೇ 5ನ್ನು ಸಂಸ್ಥೆಗಳ ತಲೆಗೇ ಕಟ್ಟುತ್ತಾರೆ. ಬ್ಯಾಗಿಗೆ ದುಡ್ಡು ಮಂಜೂರಾಗುತ್ತದೆ, ಬ್ಯಾಗು ಹೊತ್ತ ಮಗು ಶಾಲೆಗೆ ಬಂತೇ ಎಂದು ನೋಡುವವಳ ಸಂಬಳಕ್ಕೆ ಕತ್ತರಿ ಬೀಳುತ್ತದೆ. ನುರಿತ ಕಾರ್ಯಕರ್ತೆಯರು ಎರಡು ವರ್ಷ ನಿಲ್ಲುವುದಿಲ್ಲ. ಅವರ ಜೊತೆಗೆ ಊರಿನ ವಿಶ್ವಾಸವೂ ಹೊರಟುಹೋಗುತ್ತದೆ.

ಕಾಲಮಾನದ ತೊಡಕಿಗೂ ಕಾನೂನಿನಲ್ಲೇ ಪರಿಹಾರವಿದೆ. ಆರಂಭದ ವರ್ಷವನ್ನು ಬಿಟ್ಟು ಮತ್ತೆ ಮೂರು ವರ್ಷದವರೆಗೆ ಒಂದು ಯೋಜನೆಯನ್ನು ಮುಂದುವರಿಸಬಹುದು. ಆಯಾ ವರ್ಷ ಖರ್ಚಾಗದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಬಳಸಬಹುದು. ಅಂದರೆ ನಾಲ್ಕು ಶೈಕ್ಷಣಿಕ ವರ್ಷ. ಎಂಟನೇ ತರಗತಿಗೆ ಬಂದ ಹುಡುಗಿಯ ಜೊತೆ ಮೊದಲ ಪಿಯುಸಿ ಮುಗಿಯುವವರೆಗೆ ನಡೆಯುವಷ್ಟು ಸಮಯ. ಕಾನೂನು ಇಷ್ಟು ಜಾಗ ಕೊಟ್ಟಿರುವಾಗಲೂ ಕಂಪನಿಗಳು ಮಾರ್ಚ್ 31ಕ್ಕೇ ಕೈ ತೊಳೆದುಕೊಳ್ಳುವುದೇಕೆ? ಮುಗಿದ ಲೆಕ್ಕ ನೆಮ್ಮದಿ ಕೊಡುತ್ತದೆ, ಆಡಿಟರ್‌ಗೂ ಸುಲಭ. ಕಾರಣ ಅರ್ಥವಾಗುತ್ತದೆ, ಒಪ್ಪಿಕೊಳ್ಳಲು ಮಾತ್ರ ಆಗುವುದಿಲ್ಲ.

ಇನ್ನೊಂದು ದೂರು ಭೂಗೋಳದ್ದು. ಕಂಪನಿ ತಾನು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಗಣಿಯ ಧೂಳು, ಕಾರ್ಖಾನೆಯ ಹೊಗೆ ಕುಡಿಯುವ ಊರಿಗೆ ಮೊದಲ ಪಾಲು ಸಲ್ಲಬೇಕು ಎಂಬುದು ನ್ಯಾಯವೇ. ಆದರೆ ಆಫೀಸಿನಲ್ಲಿ ಕೂತು ದುಡಿಯುವ ಕಂಪನಿಗಳಿಗೂ ಇದೇ ಅಳತೆ ಇಟ್ಟರೆ ಹಣ ಬೆಂಗಳೂರಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದ ಎರಡು ಜಿಲ್ಲೆಗಳಿವೆ, ರಾಯಚೂರು ಮತ್ತು ಯಾದಗಿರಿ. ಸ್ಥಳೀಯ ಆದ್ಯತೆ ಎಂಬುದು ಮಾರ್ಗಸೂಚಿ, ಕಟ್ಟಪ್ಪಣೆಯಲ್ಲ ಎಂದು ಸಚಿವಾಲಯವೇ ಹೇಳಿದ ಮೇಲೆ ವೈಟ್‌ಫೀಲ್ಡ್‌ನ ಕಂಪನಿ ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಹೋಗಲು ಅಡ್ಡಿಯೇನಿಲ್ಲ. ಆ ಭಾಗದ ತಂದೆತಾಯಂದಿರು ಬೆಂಗಳೂರಿನ ಕಟ್ಟಡಗಳಿಗೆ ಕಲ್ಲು ಮಣ್ಣು ಹೊತ್ತಿದ್ದಾರೆ. ಆ ಲೆಕ್ಕದಲ್ಲಿ ನೋಡಿದರೆ ಸುರಪುರವೂ ಈ ಕಂಪನಿಗಳ ನೆರೆಯ ಊರೇ.

ಅಜೀಂ ಪ್ರೇಮ್‌ಜಿ ಫೌಂಡೇಶನ್ ಅಲ್ಲಿ ಬೇರೂರಿ ಕೆಲಸ ಮಾಡುತ್ತಿದೆ. ಅದರ ಹಣ ಸಿಎಸ್‌ಆರ್‌ನದಲ್ಲ, ಒಬ್ಬ ವ್ಯಕ್ತಿ ತನ್ನ ಸಂಪತ್ತನ್ನು ಬಿಟ್ಟುಕೊಟ್ಟದ್ದು. ಆ ಭೇದವನ್ನು ಮರೆಯಬಾರದು. ಆದರೆ ಅವರು ಆರಿಸಿಕೊಂಡ ಕೆಲಸಗಳನ್ನು ಕಂಪನಿಗಳು ಗಮನಿಸಬೇಕು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆ 2024ರಲ್ಲಿ ಆರು ದಿನಕ್ಕೆ ಏರಿದ್ದು ಅವರು ಮೂರು ವರ್ಷಕ್ಕೆಂದು ಒಪ್ಪಿಕೊಂಡ ಸುಮಾರು 1,500 ಕೋಟಿಯಿಂದ. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನವನ್ನೂ ಕೊಡುತ್ತಾರೆ, ಓದು ಮುಗಿಯುವವರೆಗೆ. ಮೊಟ್ಟೆಯೂ ವಿದ್ಯಾರ್ಥಿವೇತನವೂ ಹೊಸ ಶೋಧಗಳಲ್ಲ. ಇವತ್ತಿನ ಹಸಿವು, ಈ ತಿಂಗಳ ಬಸ್ ಚಾರ್ಜು ನೀಗಿದರೆ ಓದು ತಾನಾಗಿ ಮುಂದೆ ಸಾಗುತ್ತದೆ ಎಂಬ ನಂಬಿಕೆಯಿಂದ ಬಂದವು.

2021ರ ನಿಯಮದಂತೆ ಕಂಪನಿಯ ಸಿಎಸ್‌ಆರ್ ಸಮಿತಿ ವರ್ಷದ ಕ್ರಿಯಾಯೋಜನೆ ಬರೆದು ನಿರ್ದೇಶಕ ಮಂಡಳಿಗೆ ಕೊಡಬೇಕು. ಬರೆಯುವವರಲ್ಲಿ ನನ್ನ ಕೋರಿಕೆ ಸಣ್ಣದು. ಪೀಣ್ಯ, ಬೊಮ್ಮಸಂದ್ರ, ನರಸಾಪುರಗಳ ಪಕ್ಕದಲ್ಲಿ, ಊರು ಬಿಟ್ಟು ಮೊದಲ ಕೆಲಸಕ್ಕೆ ಬರುವ ಮಕ್ಕಳಿಗೆ ಒಂದು ವರ್ಷದ ಮಟ್ಟಿಗೆ ಕಡಿಮೆ ಬಾಡಿಗೆಯ ಹಾಸ್ಟೆಲ್ ನಡೆಸಿ. ಶಹಾಪುರ, ದೇವದುರ್ಗ, ಸಿಂಧನೂರಿನಂಥ ತಾಲ್ಲೂಕು ಕೇಂದ್ರಗಳಲ್ಲಿ ಪಿಯು ಮತ್ತು ಡಿಗ್ರಿ ಓದುವ ಹುಡುಗಿಯರಿಗೆ ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಹಾಸ್ಟೆಲ್ ಇರಲಿ. ಕಟ್ಟಡ ಕಟ್ಟಲೇಬೇಕೆಂದಿಲ್ಲ, ಮನೆ ಬಾಡಿಗೆಗೆ ಹಿಡಿದರೂ ನಡೆಯುತ್ತದೆ. ವಾರ್ಡನ್‌ಗೂ ಅಡುಗೆಯವರಿಗೂ ಕಾವಲಿನವರಿಗೂ ನಾಲ್ಕು ವರ್ಷದ ಸಂಬಳವನ್ನು ಮೊದಲೇ ತೆಗೆದಿಡಿ. ಪ್ರವೇಶ ಶುರುವಾಗುವುದು ಮೇ ತಿಂಗಳಿನಲ್ಲಿ. ಹಣ ಏಪ್ರಿಲ್‌ನಲ್ಲೇ ಬರಲಿ.